ಬಿಸಿಗೆ ಸಾಕ್ಷಿ ಯಾರು?

ಕನ್ನಡ ಪಾಠ ಹೇಳಿ ಹೊಟ್ಟೆ ಹೊರೆಯುವ ನನಗೂ ಶಾಖ ಅಳೆಯುವ ಯಂತ್ರಗಳ ಚರಿತ್ರೆಗೂ ಎಲ್ಲಿಗೆಲ್ಲಿಯ ನಂಟು ಎಂದು ಓದುಗರು ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಈ ನಂಟಿಗೆ ಗಂಟು ಹಾಕಿದ್ದು ಒಂದು ವಿದ್ಯಾರ್ಥಿನಿಲಯದ ಸ್ನಾನದ ನೀರು. ಅಲ್ಲಿ ನಾನೊಂದು ತಪ್ಪು ಮಾಡಿದೆ. ಆ ತಪ್ಪಿನ ಬೇರು ಎಲ್ಲಿದೆಯೆಂದು ಹುಡುಕುತ್ತ ಹೋದಾಗ ಮುನ್ನೂರು ನಾನೂರು ವರ್ಷಗಳ ಹಿಂದಿನ ಇಟಲಿ, ಇಂಗ್ಲೆಂಡುಗಳವರೆಗೂ ಹೋಗಬೇಕಾಯಿತು.

ಮೂರು ವರ್ಷದ ಹಿಂದೆ ನಮ್ಮ ಕಾಲೇಜಿನ ವಿದ್ಯಾರ್ಥಿನಿಲಯದ ಮೇಲ್ವಿಚಾರಣೆ ನನ್ನ ಪಾಲಿಗೆ ಬಂತು. ಬೇಡವೆನ್ನಲು ನನಗೆ ಧೈರ್ಯವಿರಲಿಲ್ಲ. ಒಪ್ಪಿಕೊಳ್ಳಲು ಅರ್ಹತೆಯೂ ಇರಲಿಲ್ಲ. ನಿಲಯದ ತಾರಸಿಯ ಮೇಲೆ ನೀರು ಕಾಯುವ ದೊಡ್ಡ ತೊಟ್ಟಿ. ಅದನ್ನು ಕಾಯಿಸುವುದು ವಿದ್ಯುತ್ತು. ಅದರ ಹತೋಟಿಯೆಲ್ಲ ಕೆಳಗೆ, ಮೆಟ್ಟಿಲಿನ ಅಡಿಯ ಕೋಣೆಯಲ್ಲಿ ಗೋಡೆಗೆ ಬಿಗಿದ ಕಬ್ಬಿಣದ ಪೆಟ್ಟಿಗೆಯೊಂದರಲ್ಲಿ. ಅದಕ್ಕೆ ‘ಪ್ಯಾನೆಲ್’ ಎನ್ನುತ್ತಾರೆ. ಅದರ ಮುಖದ ಮೇಲೆ ಕೆಂಪು ಅಂಕಿಗಳು ಹೊಳೆಯುತ್ತವೆ. ತೊಟ್ಟಿಯೊಳಗೆ ಬೆರಳಿನಷ್ಟು ಉದ್ದದ ಒಂದು ಕಡ್ಡಿ ಮುಳುಗಿರುತ್ತದೆ. ನೀರಿನ ಬಿಸಿಯನ್ನು ಪೆಟ್ಟಿಗೆಗೆ ತಿಳಿಸುವುದು ಅದರ ಕೆಲಸ. ನಮ್ಮ ಪಾರಿಭಾಷಿಕ ಪಂಡಿತರು ಅದಕ್ಕೆ ‘ಸಂವೇದಕ’ವೆಂಬ ಒಳ್ಳೆಯ ಹೆಸರಿಟ್ಟಿದ್ದಾರೆ; ಆದರೆ ಎಲ್ಲರ ಬಾಯಲ್ಲೂ ಅದು ಸೆನ್ಸರ್ ಆಗಿಯೇ ಉಳಿದಿದೆ. ನೀರು ೬೦ ಡಿಗ್ರಿ ಮುಟ್ಟಿತೆಂದು ಸೆನ್ಸರ್ ಹೇಳಿದೊಡನೆ ಪೆಟ್ಟಿಗೆ ವಿದ್ಯುತ್ತನ್ನು ನಿಲ್ಲಿಸುತ್ತದೆ.

ಇದನ್ನೆಲ್ಲ ನೋಡಿಕೊಳ್ಳುವಾತನನ್ನು ವಿದ್ಯಾರ್ಥಿಗಳು ‘ಹಂಡೆಯಣ್ಣ’ ಎಂದು ಕರೆಯುತ್ತಿದ್ದರು. ಸೌದೆಯ ಒಲೆ, ತಾಮ್ರದ ಹಂಡೆ ಇದ್ದ ಕಾಲದಿಂದ ಆತ ಅಲ್ಲಿದ್ದವನು. ಹಂಡೆ ಹೋಗಿ ಎಷ್ಟೋ ವರ್ಷವಾದರೂ ಹೆಸರು ಹೋಗಿರಲಿಲ್ಲ.

ಆ ವರ್ಷದ ಡಿಸೆಂಬರಿನಲ್ಲಿ ಹುಡುಗರ ದೂರು ಶುರುವಾಯಿತು: ನಲ್ಲಿಯಲ್ಲಿ ಬರುವುದು ಬಿಸಿನೀರಲ್ಲ, ಉಗುರುಬೆಚ್ಚಗಿನ ನೀರು. ಒಂದು ಬೆಳಗ್ಗೆ ಐದೂವರೆಗೆ ಎದ್ದು ಹೋಗಿ ಪೆಟ್ಟಿಗೆಯನ್ನು ನೋಡಿದೆ. ೬೦ ಎಂದು ತೋರಿಸುತ್ತಿತ್ತು. ನಲ್ಲಿಯ ನೀರು ಮುಟ್ಟಿದೆ. ಹುಡುಗರ ಮಾತು ಸುಳ್ಳಲ್ಲ. ತೊಟ್ಟಿಯಲ್ಲಿ ೬೦ ಡಿಗ್ರಿ ಇರುವ ನೀರು ನಲ್ಲಿಗೆ ಬರುವಷ್ಟರಲ್ಲಿ ಆರಿಹೋಗುವುದು ಹೇಗೆ? ಬಿಸಿನೀರಿನ ಕೊಳವೆಗೆ ತಣ್ಣೀರು ಬೆರೆಸುವ ಒಂದು ವಾಲ್ವಿದೆ. ಅದರ ಹಿಡಿ ಇರುವುದು ಹಂಡೆಯಣ್ಣನ ಕೈಯಲ್ಲಿ. ಬಿಸಿನೀರು ಎಲ್ಲರಿಗೂ ಸಾಲಲೆಂದು, ತನ್ನ ಕೆಲಸ ಬೇಗ ಮುಗಿಯಲೆಂದು ಆತನೇ ತಣ್ಣೀರು ಬಿಡುತ್ತಿದ್ದಾನೆ ಎಂದು ತೀರ್ಮಾನಿಸಿಬಿಟ್ಟೆ. ತರ್ಕದಲ್ಲಿ ದೋಷವಿಲ್ಲವೆಂದು ಒಳಗೊಳಗೇ ಸ್ವಲ್ಪ ಹೆಮ್ಮೆಯೂ ಆಯಿತು.

“ಏನಣ್ಣ, ತಣ್ಣೀರಿನ ವಾಲ್ವು ತೆಗೆದಿದ್ದೀಯಾ?” ಎಂದು ಕೇಳಿದೆ.

“ಇಲ್ಲ ಸಾರ್. ಪೆಟ್ಟಿಗೆ ಏನಾದರೂ ಹೇಳಿಕೊಳ್ಳಲಿ, ನೀವೇ ಮೇಲಕ್ಕೆ ಬಂದು ತೊಟ್ಟಿಗೆ ಕೈ ಹಾಕಿ ನೋಡಿ,” ಎಂದ.

ನಾನು ಮೇಲಕ್ಕೆ ಹೋಗಲಿಲ್ಲ. ಕೋಣೆಗೆ ಹಿಂದಿರುಗಿ, ಕರ್ತವ್ಯಲೋಪಕ್ಕೆ ಕಾರಣ ಕೇಳುವ ನೋಟೀಸು ಬರೆದು ಸಹಿ ಹಾಕಿದೆ. ನಿವೃತ್ತಿಗೆ ಎರಡು ವರ್ಷ ಉಳಿದಿದ್ದವನ ಸೇವಾಪುಸ್ತಕದಲ್ಲಿ ಅಂಥ ಒಂದು ಕಾಗದ ಏನು ಮಾಡಬಲ್ಲದು ಎಂಬುದು ಸರ್ಕಾರಿ ಕಚೇರಿಗಳ ಒಡನಾಟವಿದ್ದವರಿಗೆಲ್ಲ ಗೊತ್ತು.

ನನಗೆ ಅಂಕಿಯ ಮೇಲೆ ನಂಬಿಕೆ. ಮನುಷ್ಯನ ಕೈಯ ಮೇಲೆ ಇಲ್ಲ. ಈ ನಂಬಿಕೆ ಎಂದಿನಿಂದ ಬಂತು?

೨

ಬಿಸಿಯನ್ನು ಅಂಕಿಯಲ್ಲಿ ಹೇಳುವ ಪದ್ಧತಿ ಬಹಳ ಹಳೆಯದಲ್ಲ. ಅದಕ್ಕೆ ಮೊದಲು ವೈದ್ಯ ರೋಗಿಯ ಹಣೆಯ ಮೇಲೆ ಕೈಯಿಡುತ್ತಿದ್ದ. ಕಮ್ಮಾರ ಕಾದ ಕಬ್ಬಿಣದ ಬಣ್ಣ ನೋಡುತ್ತಿದ್ದ. ನಮ್ಮ ಅಜ್ಜಿ ಬೆಲ್ಲದ ಪಾಕವನ್ನು ಎರಡು ಬೆರಳ ನಡುವೆ ಎಳೆದು, ಎಳೆ ಬಂತೋ ಇಲ್ಲವೋ ನೋಡುತ್ತಿದ್ದರು. ಅವರವರ ಕೆಲಸಕ್ಕೆ ಅದು ಸಾಕಾಗಿತ್ತು. ಆದರೆ ಒಬ್ಬನ ಕೈ ಹೇಳಿದ ಬಿಸಿಯನ್ನು ಇನ್ನೊಂದು ಊರಿನವನಿಗೆ ಪತ್ರದಲ್ಲಿ ಬರೆದು ತಿಳಿಸಲು ಬರುತ್ತಿರಲಿಲ್ಲ.

ಹದಿನಾರನೆಯ ಶತಮಾನದ ಕೊನೆಯಲ್ಲಿ ಇಟಲಿಯ ಗೆಲಿಲಿಯೋ ಒಂದು ಗಾಜಿನ ಬುರುಡೆಗೆ ಹುಲ್ಲುಕಡ್ಡಿಯಷ್ಟು ಸಣ್ಣ ಉದ್ದನೆಯ ಕತ್ತು ಮಾಡಿಸಿ, ಅದನ್ನು ತಲೆಕೆಳಗಾಗಿ ನೀರಿನ ಪಾತ್ರೆಯಲ್ಲಿ ನಿಲ್ಲಿಸಿದ. ಬುರುಡೆಯೊಳಗಿನ ಗಾಳಿ ಕಾದಾಗ ಹಿಗ್ಗಿ ನೀರನ್ನು ಕೆಳಕ್ಕೆ ತಳ್ಳುತ್ತಿತ್ತು. ತಣಿದಾಗ ನೀರು ಮೇಲೇರುತ್ತಿತ್ತು. ಜನ ಬೆರಗಾದರು. ಆದರೆ ಅದೇ ಬಿಸಿಯಲ್ಲಿ ಅದು ಒಂದು ದಿನ ಒಂದು ಮಟ್ಟ, ಇನ್ನೊಂದು ದಿನ ಇನ್ನೊಂದು ಮಟ್ಟ ತೋರಿಸುತ್ತಿತ್ತು. ಕಾರಣ ತಿಳಿದದ್ದು ಗೆಲಿಲಿಯೋ ತೀರಿಕೊಂಡ ಮೇಲೆ. ೧೬೪೦ರ ದಶಕದಲ್ಲಿ ಟೊರಿಚೆಲ್ಲಿಯೂ ಪಾಸ್ಕಲನೂ ಗಾಳಿಗೂ ಒತ್ತಡವುಂಟು, ಅದು ಸ್ಥಳಕ್ಕೆ ತಕ್ಕಂತೆ, ಹವೆಗೆ ತಕ್ಕಂತೆ ಬದಲಾಗುತ್ತದೆ ಎಂದು ತೋರಿಸಿದರು. ಪಾತ್ರೆಯ ನೀರು ಹೊರಗಿನ ಗಾಳಿಗೆ ತೆರೆದಿದ್ದುದರಿಂದ ಗೆಲಿಲಿಯೋವಿನ ಉಪಕರಣ ಬಿಸಿಯನ್ನೂ ಗಾಳಿಯ ಒತ್ತಡವನ್ನೂ ಒಟ್ಟಿಗೆ ಹೇಳುತ್ತಿತ್ತು. ಸೆನ್ಸರಿನ ಮೊದಲನೆಯ ದೋಷವೇ ಇದು: ಕೇಳಿದ್ದು ಒಂದು ಪ್ರಶ್ನೆ, ಅದು ಉತ್ತರಿಸಿದ್ದು ಎರಡು ಪ್ರಶ್ನೆಗೆ.

ಇದಕ್ಕೆ ಮದ್ದು ಕಂಡದ್ದೂ ಇಟಲಿಯಲ್ಲೇ. ಟಸ್ಕನಿಯ ದೊರೆ ಎರಡನೆಯ ಫೆರ್ಡಿನಾಂಡೋ ೧೬೫೦ರ ದಶಕದಲ್ಲಿ ಗಾಜಿನ ಕೊಳವೆಯೊಳಗೆ ಮದ್ಯಸಾರ ತುಂಬಿಸಿ ಬಾಯನ್ನು ಕರಗಿಸಿ ಮುಚ್ಚಿಸಿದ. ಹೊರಗಿನ ಗಾಳಿಯ ಕಾಟ ತಪ್ಪಿತು. ಮುಂದೆ ೧೭೧೪ರಲ್ಲಿ ಫ್ಯಾರನ್‌ಹೀಟ್ ಪಾದರಸದ ಉಷ್ಣಮಾಪಕಗಳನ್ನು ತಯಾರಿಸಿದ. ೧೭೪೨ರಲ್ಲಿ ಸ್ವೀಡನ್ನಿನ ಸೆಲ್ಸಿಯಸ್ ಕರಗುವ ಮಂಜು, ಕುದಿಯುವ ನೀರು ಇವೆರಡರ ನಡುವೆ ನೂರು ಭಾಗ ಮಾಡಿದ. ಆತ ಕುದಿಯುವ ನೀರಿಗೆ ಸೊನ್ನೆ, ಮಂಜಿಗೆ ನೂರು ಎಂದು ಇಟ್ಟಿದ್ದನೆಂಬುದನ್ನು ಕೇಳಿದರೆ ಈಗ ನಗು ಬರುತ್ತದೆ. ಅದನ್ನು ತಿರುಗಿಸಿದ್ದು ಆತನ ನಂತರದವರು. ಆದರೆ ಸೆಲ್ಸಿಯಸ್ ಹೇಳಿದ ಒಂದು ಮಾತು ನಗುವಂಥದ್ದಲ್ಲ. ನೀರು ಕುದಿಯುವ ಬಿಸಿ ಗಾಳಿಯ ಒತ್ತಡದೊಂದಿಗೆ ಏರಿಳಿಯುತ್ತದೆ. ಮಂಜು ಕರಗುವ ಬಿಸಿ ಎಲ್ಲಿ ನೋಡಿದರೂ ಒಂದೇ. ಸಮುದ್ರಮಟ್ಟದಿಂದ ಸುಮಾರು ೯೦೦ ಮೀಟರ್ ಎತ್ತರದ ನಮ್ಮ ಬೆಂಗಳೂರಿನಲ್ಲಿ ನೀರು ಸುಮಾರು ೯೭ ಡಿಗ್ರಿಗೇ ಕುದಿಯುತ್ತದೆ. ಮಂಜುಗಡ್ಡೆ ಮಾತ್ರ ಸ್ವೀಡನ್ನಿನಲ್ಲಿ ಹೇಗೋ ಇಲ್ಲಿಯೂ ಹಾಗೆಯೇ ಸೊನ್ನೆಯಲ್ಲಿ ಕರಗುತ್ತದೆ. ಈ ಮಾತನ್ನು ಓದುಗರು ದಯವಿಟ್ಟು ನೆನಪಿನಲ್ಲಿಡಬೇಕು. ನಮ್ಮ ಕಥೆಗೆ ಅದು ಬೇಕಾಗುತ್ತದೆ.

ಗಾಜಿನ ಕೊಳವೆಯೂ ಪೂರ್ಣ ಸತ್ಯವಂತನಲ್ಲ. ಊದಿ ಮಾಡಿದ ಗಾಜು ತಣಿದ ಮೇಲೂ ವರ್ಷಗಟ್ಟಲೆ ಕೂದಲೆಳೆಯಷ್ಟು ಕುಗ್ಗುತ್ತಲೇ ಹೋಗುತ್ತದೆ. ಬುಡ ಕುಗ್ಗಿದರೆ ಒಳಗಿನ ಪಾದರಸ ಮೇಲೇರಬೇಕಷ್ಟೆ. ಇಂಗ್ಲೆಂಡಿನ ಜೂಲ್ ತನ್ನ ಒಂದು ಉಷ್ಣಮಾಪಕವನ್ನು ೧೮೪೪ರಿಂದ ೧೮೮೨ರವರೆಗೆ, ಎಂದರೆ ಮೂವತ್ತೆಂಟು ವರ್ಷ, ಆಗಾಗ ಮಂಜಿನಲ್ಲಿಟ್ಟು ಅದರ ಸೊನ್ನೆ ಎಲ್ಲಿದೆ ಎಂದು ಗುರುತು ಹಾಕಿಕೊಳ್ಳುತ್ತ ಬಂದ. ಅಷ್ಟು ಕಾಲದಲ್ಲಿ ಅದು ಸುಮಾರು ಒಂದು ಫ್ಯಾರನ್‌ಹೀಟ್ ಡಿಗ್ರಿಯಷ್ಟು ಮೇಲೇರಿತ್ತು. ಬೇರೆಯವರಾಗಿದ್ದರೆ ಒಂದು ಡಿಗ್ರಿ ತಾನೇ ಎಂದು ಬಿಟ್ಟುಬಿಡುತ್ತಿದ್ದರು. ತನ್ನ ಉಪಕರಣವೂ ಮುದಿಯಾಗುತ್ತದೆಂದು ತಿಳಿದು ಅದರ ವಯಸ್ಸನ್ನು ಲೆಕ್ಕವಿಟ್ಟ ಆ ಮನುಷ್ಯನನ್ನು ನೆನೆದರೆ ಗೌರವ ಹುಟ್ಟುತ್ತದೆ.

೩

ಉಷ್ಣಮಾಪಕ ಬರಿದೇ ನೋಡುವುದಕ್ಕಲ್ಲ, ಒಲೆಯನ್ನು ಆಳುವುದಕ್ಕೂ ಬರುತ್ತದೆ ಎಂದು ಮೊದಲು ತೋರಿಸಿದವನು ಹಾಲೆಂಡಿನಲ್ಲಿ ಹುಟ್ಟಿ ಇಂಗ್ಲೆಂಡಿನಲ್ಲಿ ಬಾಳಿದ ಕಾರ್ನೆಲಿಸ್ ಡ್ರೆಬೆಲ್. ಹದಿನೇಳನೆಯ ಶತಮಾನದ ಮೊದಲ ಭಾಗದಲ್ಲಿ ಆತ ಕೋಳಿಮೊಟ್ಟೆಗೆ ಕಾವು ಕೊಡುವ ಒಂದು ಪೆಟ್ಟಿಗೆ ಮಾಡಿದ. ಒಳಗಿನ ಮದ್ಯಸಾರ ಕಾದು ಹಿಗ್ಗಿದರೆ ಪಾದರಸವನ್ನು ತಳ್ಳುತ್ತದೆ, ಪಾದರಸ ಒಂದು ಕಡ್ಡಿಯನ್ನು ಎತ್ತುತ್ತದೆ, ಕಡ್ಡಿ ಒಲೆಯ ಗಾಳಿಕಿಂಡಿಯನ್ನು ಮುಚ್ಚುತ್ತದೆ, ಬೆಂಕಿ ತಗ್ಗುತ್ತದೆ. ತಣಿದರೆ ಇದೆಲ್ಲ ಹಿಂದುಮುಂದಾಗಿ ನಡೆಯುತ್ತದೆ. ನಮ್ಮ ನಿಲಯದ ಪೆಟ್ಟಿಗೆಯ ಮುತ್ತಜ್ಜ ಇದೇ. ಇಲ್ಲಿಂದ ಮುಂದೆ ಸೆನ್ಸರಿನ ತಪ್ಪು ಬರಿಯ ಲೆಕ್ಕದ ತಪ್ಪಾಗಿ ಉಳಿಯಲಿಲ್ಲ. ಅದು ಸುಳ್ಳು ಹೇಳಿದರೆ ಒಲೆಯೂ ಆ ಸುಳ್ಳಿನಂತೆ ನಡೆಯಬೇಕು. ಮೊಟ್ಟೆ ಬೇಯಬೇಕು, ಇಲ್ಲವೆ ಕೊಳೆಯಬೇಕು.

ಕುಲುಮೆಯ ಉರಿಯನ್ನು ಪಾದರಸದಿಂದ ಅಳೆಯಲಾಗುವುದಿಲ್ಲ. ಪಿಂಗಾಣಿಯ ವ್ಯಾಪಾರದಲ್ಲಿ ಹೆಸರಾದ ಜೋಸಾಯ ವೆಜ್‌ವುಡ್ ೧೭೮೨ರಲ್ಲಿ ಇದಕ್ಕೊಂದು ಉಪಾಯ ಮುಂದಿಟ್ಟ. ಸುಟ್ಟ ಜೇಡಿಮಣ್ಣು ಕುಗ್ಗುತ್ತದೆ. ಎಷ್ಟು ಕುಗ್ಗಿತೋ ಅಷ್ಟು ಉರಿ. ಮಣ್ಣಿನ ಬಿಲ್ಲೆಯನ್ನು ಕುಲುಮೆಯಲ್ಲಿಟ್ಟು ತೆಗೆದು ಅಳೆದರಾಯಿತು. ಈ ಲೆಕ್ಕದಂತೆ ಎರಕದ ಕಬ್ಬಿಣ ಕರಗುವ ಉರಿ ಸುಮಾರು ೧೮,೦೦೦ ಫ್ಯಾರನ್‌ಹೀಟ್ ಡಿಗ್ರಿ ಎಂದಾಯಿತು! ನಿಜವಾದದ್ದು ೨,೨೦೦ರ ಆಸುಪಾಸು. ಮಣ್ಣು ಕುಗ್ಗುವುದು ಉರಿಯೊಂದರಿಂದಲೇ ಅಲ್ಲ. ಎಷ್ಟು ಹೊತ್ತು ಬೆಂದಿತು, ಯಾವ ಗಣಿಯ ಮಣ್ಣು ಎಂಬುದರ ಮೇಲೂ ಹೋಗುತ್ತದೆ. ಅದಲ್ಲದೆ ಕೆಳಗಿನ ಬಿಸಿಯಲ್ಲಿ ಸಿಕ್ಕ ಅಳತೆಯನ್ನೇ ಮೇಲಿನ ಉರಿಗೂ ಹಾಗೆಯೇ ಎಳೆದುಕೊಂಡು ಹೋದದ್ದು ತಪ್ಪನ್ನು ಎಂಟು ಪಾಲು ಮಾಡಿತು. ಅಷ್ಟಾದರೂ ಬಹಳ ಕಾಲ ಆ ಅಂಕಿಗಳು ಪುಸ್ತಕಗಳಲ್ಲಿ ಅಚ್ಚಾಗುತ್ತಿದ್ದವು. ಅಚ್ಚಾದ ಅಂಕಿಯನ್ನು ಯಾರು ತಾನೇ ಅನುಮಾನಿಸುತ್ತಾರೆ?

೪

ಈಗ ನಮ್ಮ ತೊಟ್ಟಿಯೊಳಗಿದ್ದ ಕಡ್ಡಿಯ ವಂಶಕ್ಕೆ ಬರೋಣ. ಅದರೊಳಗಿರುವುದು ಪ್ಲಾಟಿನಮ್ಮಿನ ಒಂದು ಸಣ್ಣ ಎಳೆ. ಲೋಹ ಕಾದಷ್ಟೂ ಅದರಲ್ಲಿ ವಿದ್ಯುತ್ತಿನ ಹರಿವಿಗೆ ತಡೆ ಹೆಚ್ಚುತ್ತದೆ. ಈ ತಡೆಯನ್ನು ಓಂ ಎಂಬ ಮಾನದಲ್ಲಿ ಅಳೆಯುತ್ತಾರೆ. ಈಗ ಎಲ್ಲೆಲ್ಲೂ ಬಳಕೆಯಲ್ಲಿರುವ ಕಡ್ಡಿಯಲ್ಲಿ ಸೊನ್ನೆ ಡಿಗ್ರಿಗೆ ೧೦೦ ಓಂ, ನೂರು ಡಿಗ್ರಿಗೆ ಸುಮಾರು ೧೩೮.೫ ಓಂ. ಎಂದರೆ ಒಂದು ಡಿಗ್ರಿಗೆ ಒಂದು ಓಮಿನ ಅರ್ಧವೂ ಇಲ್ಲ. ಇಷ್ಟು ಸೂಕ್ಷ್ಮವಾದ ನಡೆಯ ಮೇಲೆ ನಮ್ಮ ಬಿಸಿನೀರಿನ ಭಾಗ್ಯ ನಿಂತಿದೆ.

ಇದನ್ನು ಉಪಕರಣವಾಗಿ ಮಾಡಿದವನು ಜರ್ಮನಿಯಲ್ಲಿ ಹುಟ್ಟಿ ಇಂಗ್ಲೆಂಡಿನ ಪ್ರಜೆಯಾದ ವಿಲಿಯಂ ಸೀಮೆನ್ಸ್. ೧೮೬೦ರಲ್ಲಿ ರಂಗೂನಿಗೂ ಸಿಂಗಾಪುರಕ್ಕೂ ನಡುವೆ ಸಮುದ್ರದಲ್ಲಿ ಹಾಕಬೇಕಾಗಿದ್ದ ತಂತಿಯ ಹಗ್ಗವನ್ನು ಸುರುಳಿ ಸುತ್ತಿ ಇಟ್ಟಾಗ ಅದು ಒಳಗೊಳಗೇ ಕಾಯತೊಡಗಿತ್ತು. ರಾಶಿಯ ನಡುವೆ ಉಷ್ಣಮಾಪಕ ಇಟ್ಟು ಓದುವುದು ಸಾಧ್ಯವಿಲ್ಲ. ಸೀಮೆನ್ಸ್ ತಂತಿ ಸುತ್ತಿದ ಕಡ್ಡಿಗಳನ್ನು ಪದರಗಳ ನಡುವೆ ತೂರಿಸಿ, ಅವುಗಳ ತಡೆಯನ್ನು ಹೊರಗಿನಿಂದ ಅಳೆದು ಒಳಗಿನ ಬಿಸಿಯನ್ನು ತಿಳಿದುಕೊಂಡ. ಕಣ್ಣಿಗೆ ಕಾಣದ ಜಾಗದ ಬಿಸಿಯನ್ನು ದೂರದಿಂದ ಕೇಳುವ ವಿದ್ಯೆ ಹೀಗೆ ಹುಟ್ಟಿತು.

೧೮೭೧ರಲ್ಲಿ ಆತ ಲಂಡನ್ನಿನ ರಾಯಲ್ ಸೊಸೈಟಿಯಲ್ಲಿ ಉಪನ್ಯಾಸ ಮಾಡಿ, ಕುಲುಮೆಯ ಉರಿಯನ್ನೂ ಅಳೆಯಬಲ್ಲ ಪ್ಲಾಟಿನಮ್ ಉಪಕರಣವನ್ನು ವಿವರಿಸಿದ. ದೂರದಿಂದ ಕೇಳುವುದರಲ್ಲಿ ಒಂದು ತೊಡಕಿದೆ. ಕಡ್ಡಿಯಿಂದ ಅಳೆಯುವ ಜಾಗಕ್ಕೆ ಬರುವ ತಂತಿಗೂ ತನ್ನದೇ ತಡೆಯುಂಟು. ಅದೂ ಬಿಸಿಯ ಲೆಕ್ಕಕ್ಕೆ ಸೇರಿಹೋಗುತ್ತದೆ. ಸುದ್ದಿ ತಂದ ಆಳು ತನ್ನ ಮಾತನ್ನೂ ಸೇರಿಸಿ ಹೇಳಿದ ಹಾಗೆ. ಇದಕ್ಕಾಗಿ ಸೀಮೆನ್ಸ್ ಎರಡು ತಂತಿಯ ಬದಲು ಮೂರು ತಂತಿ ಎಳೆದ. ಮೂರೂ ಒಂದೇ ಸಮನಾಗಿದ್ದರೆ ಒಂದರ ತಡೆ ಇನ್ನೊಂದರ ತಡೆಯನ್ನು ಲೆಕ್ಕದಲ್ಲಿ ಹೊಡೆದುಹಾಕುತ್ತದೆ. ಉಳಿಯುವುದು ಕಡ್ಡಿಯ ಮಾತು ಮಾತ್ರ. ಇಂದಿಗೂ ಪೆಟ್ಟಿಗೆಯಿಂದ ಕಡ್ಡಿಗೆ ಹೋಗುವ ಮೂರು ತಂತಿಗಳು ಅವನ ನೆನಪೇ.

ಉಪಾಯ ಚೆನ್ನಾಗಿತ್ತು. ಆದರೆ ಬ್ರಿಟಿಷ್ ಅಸೋಸಿಯೇಷನ್ ನೇಮಿಸಿದ ಸಮಿತಿಯೊಂದು ಅದನ್ನು ಪರೀಕ್ಷಿಸಿ ೧೮೭೪ರಲ್ಲಿ ಕೊಟ್ಟ ವರದಿ ಸೀಮೆನ್ಸನಿಗೆ ನಿರಾಶೆ ತಂದಿರಬೇಕು. ಕುಲುಮೆಯಲ್ಲಿ ಕಾದು ತಣಿದ ಮೇಲೆ ಉಪಕರಣ ಮೊದಲಿನ ಅಂಕಕ್ಕೆ ಹಿಂದಿರುಗುತ್ತಿರಲಿಲ್ಲ. ಪ್ರತಿಸಲವೂ ಸ್ವಲ್ಪ ಸ್ವಲ್ಪ ಬದಲಾಗುತ್ತಿತ್ತು. ಅಲ್ಲಿಗೆ ಪ್ಲಾಟಿನಮ್ ನಂಬಿಕೆಗೆ ಯೋಗ್ಯವಲ್ಲವೆಂಬ ಮಾತು ವಿದ್ವಾಂಸರ ನಡುವೆ ಹಬ್ಬಿತು. ಹನ್ನೆರಡು ವರ್ಷ ಆ ಕಳಂಕ ಉಳಿಯಿತು.

ಕಳಂಕ ತೊಳೆದವನ ಹೆಸರು ಹ್ಯೂ ಕ್ಯಾಲೆಂಡರ್. ಇಲ್ಲಿ ಸಾಹಿತ್ಯದವನಾದ ನಾನು ಸ್ವಲ್ಪ ಅಭಿಮಾನ ಪಟ್ಟರೆ ಓದುಗರು ಮನ್ನಿಸಬೇಕು. ಆತ ಕೇಂಬ್ರಿಜ್ಜಿನಲ್ಲಿ ೧೮೮೪ರಲ್ಲಿ ಮೊದಲ ದರ್ಜೆ ಪಡೆದದ್ದು ಗ್ರೀಕ್ ಲ್ಯಾಟಿನ್ ವ್ಯಾಸಂಗದಲ್ಲಿ, ಮರುವರ್ಷ ಗಣಿತ. ಪ್ರಯೋಗಶಾಲೆಯ ಅನುಭವ ಅಷ್ಟಾಗಿ ಇಲ್ಲದೆಯೇ ಜೆ. ಜೆ. ಥಾಮ್ಸನ್ನರ ಬಳಿ ಕ್ಯಾವೆಂಡಿಷ್ ಪ್ರಯೋಗಶಾಲೆಗೆ ಹೋದ. ಅವನು ಎತ್ತಿಕೊಂಡದ್ದು ಎಲ್ಲರೂ ಬಿಟ್ಟ ಈ ಪ್ರಶ್ನೆಯನ್ನೇ. ತಪ್ಪು ಯಾರದು: ಪ್ಲಾಟಿನಮ್ಮಿನದೋ, ಅದರ ಸಹವಾಸದ್ದೋ?

ಸೀಮೆನ್ಸನ ಉಪಕರಣದಲ್ಲಿ ತಂತಿಯನ್ನು ಸುಟ್ಟ ಮಣ್ಣಿನ ಉರುಳೆಗೆ ಸುತ್ತಿ ಕಬ್ಬಿಣದ ಕೊಳವೆಯಲ್ಲಿ ಇಡುತ್ತಿದ್ದರು. ಕಡು ಉರಿಯಲ್ಲಿ ಆ ಮಣ್ಣಿನ ಅಂಶ, ಕಬ್ಬಿಣದ ಅನಿಲ ಇವೆಲ್ಲ ತಂತಿಗೆ ಅಂಟಿ ಅದನ್ನು ಕೆಡಿಸುತ್ತಿದ್ದವು. ಕ್ಯಾಲೆಂಡರ್ ಶುದ್ಧವಾದ ತಂತಿಯನ್ನು ಎಳೆತ ಸೆಳೆತಗಳಿಲ್ಲದಂತೆ, ಮಣ್ಣು ಕಬ್ಬಿಣಗಳ ಸೋಂಕಿಲ್ಲದಂತೆ ಇಟ್ಟು, ಗಾಳಿಯ ಉಷ್ಣಮಾಪಕದೊಂದಿಗೆ ಹೋಲಿಸುತ್ತ ಹೋದ. ಎಷ್ಟು ಕಾಯಿಸಿ ತಣಿಸಿದರೂ ತಂತಿ ತನ್ನ ಹಳೆಯ ಅಂಕಕ್ಕೇ ಬಂದು ನಿಲ್ಲುತ್ತಿತ್ತು. ೧೮೮೭ರಲ್ಲಿ ಆ ಪ್ರಬಂಧ ಅಚ್ಚಾಯಿತು. ಮುಂದೆ ಕಾಗೆಬಂಗಾರದ ಹಲ್ಲೆಗಳ ಮೇಲೆ ತಂತಿ ಸುತ್ತುವ ಪದ್ಧತಿ ಬಂತು. ೧೯೨೭ರಲ್ಲಿ ಜಗತ್ತಿನ ದೇಶಗಳು ಉಷ್ಣತೆಗೆ ಒಂದು ಸಾಮಾನ್ಯ ಮಾನವನ್ನು ಒಪ್ಪಿಕೊಂಡಾಗ, ಅದರ ಬಹುಭಾಗಕ್ಕೆ ಪ್ರಮಾಣವಾಗಿ ನಿಂತದ್ದು ಒಂದು ಕಾಲಕ್ಕೆ ಸುಳ್ಳುಗಾರನೆನಿಸಿಕೊಂಡಿದ್ದ ಆ ಪ್ಲಾಟಿನಮ್ ತಂತಿಯೇ.

೫

ನಮ್ಮ ನಿಲಯಕ್ಕೆ ಹಿಂದಿರುಗೋಣ. ನೋಟೀಸು ಕೊಟ್ಟ ನಾಲ್ಕನೆಯ ದಿನವೂ ನೀರು ಹಾಗೆಯೇ ಇತ್ತು. ರಿಪೇರಿಯ ಹುಡುಗನೊಬ್ಬ ಬಂದು, ಸೆನ್ಸರ್ ಹೋಗಿದೆಯೆಂದು ಹೇಳಿ, ಹೊಸದೊಂದು ಹಾಕಿ, ದುಡ್ಡು ತೆಗೆದುಕೊಂಡು ಹೋದ. ಪೆಟ್ಟಿಗೆ ೬೦ ಎಂದೇ ಹೇಳುತ್ತಿತ್ತು. ನೀರು ಬೆಚ್ಚಗೇ ಬರುತ್ತಿತ್ತು. ಇದರಿಂದ ಹಂಡೆಯಣ್ಣನ ಮೇಲೆ ನನ್ನ ಅನುಮಾನ ಇನ್ನೂ ಗಟ್ಟಿಯಾಯಿತು.

ಕೊನೆಗೆ ಗೆಳೆಯರೊಬ್ಬರು, ಸಕ್ಕರೆ ಕಾರ್ಖಾನೆಯಲ್ಲಿ ಅಳತೆಯ ಉಪಕರಣಗಳನ್ನು ನೋಡಿಕೊಂಡು ನಿವೃತ್ತರಾದ ಹಿರಿಯರೊಬ್ಬರನ್ನು ಕರೆತಂದರು. ಅವರು ಪೆಟ್ಟಿಗೆಯನ್ನು ತೆರೆಯಲೇ ಇಲ್ಲ. “ಮೇಷ್ಟ್ರೇ, ಕಬ್ಬಿನಹಾಲಿನ ಅಂಗಡಿಯಿಂದ ಸ್ವಲ್ಪ ಐಸು ತರಿಸಿ,” ಎಂದರು. ಐಸನ್ನು ಪುಡಿಮಾಡಿ, ನೀರು ಬೆರೆಸಿ ಫ್ಲಾಸ್ಕಿಗೆ ತುಂಬಿದರು. ತಾರಸಿಗೆ ಹೋಗಿ ಕಡ್ಡಿಯನ್ನು ತೊಟ್ಟಿಯಿಂದ ತೆಗೆದು ಫ್ಲಾಸ್ಕಿನೊಳಗೆ ಇಳಿಸಿದರು. ಹಂಡೆಯಣ್ಣ ಫ್ಲಾಸ್ಕನ್ನು ಹಿಡಿದುಕೊಂಡು ನಿಂತ. ಸ್ವಲ್ಪ ಹೊತ್ತಿನ ಮೇಲೆ ನನ್ನನ್ನು ಕೆಳಕ್ಕೆ ಕಳುಹಿಸಿ, ಪೆಟ್ಟಿಗೆ ಏನು ತೋರಿಸುತ್ತದೆಂದು ಕೂಗಿ ಹೇಳಲು ತಿಳಿಸಿದರು.

ಪೆಟ್ಟಿಗೆ ೨೦ ಎಂದು ತೋರಿಸುತ್ತಿತ್ತು. ಕರಗುವ ಮಂಜಿನ ಬಿಸಿ ೨೦ ಡಿಗ್ರಿ!

ಮೆಟ್ಟಿಲ ಕೆಳಗೆ ನಿಂತು ಆ ಅಂಕಿಯನ್ನು ಕೂಗುವಾಗ ನನ್ನ ದನಿ ನನಗೇ ಬೇರೆಯಾಗಿ ಕೇಳಿಸಿತು. ಅಂಕಿ ಇಪ್ಪತ್ತು ಡಿಗ್ರಿ ಹೆಚ್ಚು ಹೇಳುತ್ತಿದೆ. ಹಾಗಾದರೆ ೬೦ ಎಂದು ಅದು ಹೇಳಿದಾಗ ನೀರು ಇದ್ದದ್ದು ೪೦. ವಿದ್ಯುತ್ತು ಮೊದಲೇ ನಿಂತುಹೋಗುತ್ತಿತ್ತು. ತಣ್ಣೀರನ್ನು ಯಾರೂ ಬೆರೆಸಿರಲಿಲ್ಲ.

ಹಿರಿಯರು ಮೀಟರಿನಿಂದ ಕಡ್ಡಿಯ ಬುಡದಲ್ಲೇ ತಡೆ ನೋಡಿದರು: ೧೦೦ ಓಂ. ಕಡ್ಡಿ ಸತ್ಯವನ್ನೇ ಹೇಳುತ್ತಿತ್ತು. ಕೆಳಗೆ ಪೆಟ್ಟಿಗೆಯ ಹತ್ತಿರ ನೋಡಿದರೆ ಸುಮಾರು ೮ ಓಂ ಹೆಚ್ಚು. ಸುಳ್ಳು ಸೇರಿಕೊಂಡದ್ದು ದಾರಿಯಲ್ಲಿ. ತಂತಿಯನ್ನು ಕೈಯಲ್ಲಿ ಸವರುತ್ತ ಹೋದಾಗ ತಾರಸಿಯ ಕೈಪಿಡಿ ಗೋಡೆಯ ಮೂಲೆಯಲ್ಲಿ ಯಾವಾಗಲೋ ಯಾರೋ ತಿರುಚಿ ಕಟ್ಟಿ ಟೇಪು ಸುತ್ತಿದ ಗಂಟು ಸಿಕ್ಕಿತು. ಟೇಪು ಬಿಚ್ಚಿದರೆ ಮೂರು ತಂತಿಗಳಲ್ಲಿ ಒಂದಕ್ಕೆ ಹಸಿರು ಕಿಲುಬು ಹಿಡಿದಿತ್ತು. ಮಳೆಗಾಲದ ನೀರು ಅಲ್ಲಿ ನಿಂತು ತಾಮ್ರವನ್ನು ತಿಂದಿತ್ತು. ಮೂರೂ ಸಮನಾಗಿದ್ದರೆ ಮಾತ್ರ ಸೀಮೆನ್ಸನ ಉಪಾಯ ನಡೆಯುತ್ತದೆ. ಒಂದು ಕೆಟ್ಟರೆ ಅದರ ತಡೆಯೆಲ್ಲ ಬಿಸಿಯ ಲೆಕ್ಕಕ್ಕೆ ಬಂದು ಕೂರುತ್ತದೆ. ಗಂಟನ್ನು ಕತ್ತರಿಸಿ, ಉಜ್ಜಿ, ಬೆಸುಗೆ ಹಾಕಿದರು. ಪೆಟ್ಟಿಗೆ ಸೊನ್ನೆಗೆ ಬಂತು.

“ಅಂಕಿ ಸುಳ್ಳು ಅನ್ನಿಸಿದರೆ ಸೆನ್ಸರ್ ಬದಲಾಯಿಸುವುದು ಕೊನೆಯ ಕೆಲಸ,” ಎಂದರು ಹಿರಿಯರು. “ಮೊದಲು ಗೊತ್ತಿರುವ ಬಿಸಿಯಲ್ಲಿ ಇಟ್ಟು ಕೇಳಬೇಕು. ಆಮೇಲೆ ದಾರಿ ನೋಡಬೇಕು. ತಂತಿ ಪೂರ್ತಿ ಕಡಿದರೆ ಅಂಕಿ ಆಕಾಶಕ್ಕೆ ಏರುತ್ತದೆ. ಎರಡು ತಂತಿ ಒಂದಕ್ಕೊಂದು ತಾಗಿದರೆ ಪಾತಾಳಕ್ಕೆ ಇಳಿಯುತ್ತದೆ. ಅವೆರಡನ್ನೂ ಯಾರು ಬೇಕಾದರೂ ಗುರುತಿಸಬಹುದು. ನಂಬುವ ಹಾಗೆ ಸುಳ್ಳು ಹೇಳುತ್ತದಲ್ಲ, ಅದೇ ಕಷ್ಟ.”

೬

ಹಾಗಾದರೆ ಯಂತ್ರವನ್ನು ನಂಬಲೇಬಾರದು, ಮನುಷ್ಯನೇ ಸರಿ ಎಂದು ಮುಗಿಸಿಬಿಟ್ಟರೆ ಕೇಳುವುದಕ್ಕೆ ಹಿತವಾಗಿರುತ್ತದೆ. ಚರಿತ್ರೆ ಅಷ್ಟು ಸುಲಭವಾಗಿ ನಮ್ಮ ಹಿತಕ್ಕೆ ಒಪ್ಪುವುದಿಲ್ಲ.

೧೯೭೯ರ ಮಾರ್ಚ್ ೨೮ರ ಬೆಳಗಿನ ಜಾವ ನಾಲ್ಕು ಗಂಟೆಗೆ ಅಮೆರಿಕದ ಪೆನ್ಸಿಲ್ವೇನಿಯದ ತ್ರೀ ಮೈಲ್ ಐಲೆಂಡ್ ಅಣುವಿದ್ಯುತ್ ಕೇಂದ್ರದಲ್ಲಿ ಒಂದು ವಾಲ್ವು ತೆರೆದುಕೊಂಡು ಮತ್ತೆ ಮುಚ್ಚಿಕೊಳ್ಳಲಿಲ್ಲ. ಪ್ಯಾನೆಲಿನ ಮೇಲಿನ ದೀಪ ಮಾತ್ರ ಮುಚ್ಚಿದಂತೆಯೇ ಸೂಚಿಸಿತು. ಮುಚ್ಚೆಂಬ ಅಪ್ಪಣೆ ಹೋಯಿತೆಂಬುದಷ್ಟೇ ಆ ದೀಪಕ್ಕೆ ಗೊತ್ತು. ವಾಲ್ವು ಮುಚ್ಚಿತೋ ಇಲ್ಲವೋ ಅದಕ್ಕೆ ತಿಳಿಯದು. ವಾಲ್ವಿನ ಆಚೆಯ ಕೊಳವೆಯಲ್ಲಿದ್ದ ಸೆನ್ಸರ್ ೨೮೦ ಫ್ಯಾರನ್‌ಹೀಟಿಗೂ ಮಿಕ್ಕಿ ಬಿಸಿಯಿದೆಯೆಂದು ಹೇಳಿತು. ಆದರೆ ಆ ವಾಲ್ವು ಮೊದಲಿನಿಂದಲೂ ಸ್ವಲ್ಪ ಸೋರುತ್ತಿದ್ದುದರಿಂದ, ಇದೂ ಅದೇ ಇರಬೇಕೆಂದು ಅಲ್ಲಿದ್ದವರು ತಿಳಿದರು. ಎರಡು ಗಂಟೆಗೂ ಹೆಚ್ಚು ಕಾಲ ನೀರು ಹೊರಟುಹೋಯಿತು. ಅಣುಗರ್ಭದ ಮೇಲಿದ್ದ ಸೆನ್ಸರುಗಳನ್ನು ಕೇಳಿದರೆ ಗಣಕಯಂತ್ರ ಅಂಕಿಯ ಬದಲು ಪ್ರಶ್ನಾರ್ಥಕ ಚಿಹ್ನೆಗಳನ್ನು ಮುದ್ರಿಸಿತು. ೭೦೦ ಡಿಗ್ರಿಗಿಂತ ಮೇಲೆ ಬರೆಯಲು ಅದಕ್ಕೆ ಕಲಿಸಿರಲಿಲ್ಲ. ಕೆಲವರು ತಂತಿಯ ತುದಿಗೇ ಮೀಟರ್ ಹಿಡಿದು ನೋಡಿದಾಗ ಕೆಲವು ೨,೦೦೦ ಡಿಗ್ರಿಗೂ ಮೇಲೆ ಹೇಳಿದವು. ಇಷ್ಟು ಇರಲಾರದು, ಉಪಕರಣ ಕೆಟ್ಟಿದೆ ಎಂದು ಮೇಲಿನವರು ತಳ್ಳಿಹಾಕಿದರು. ಉಪಕರಣ ಕೆಟ್ಟಿರಲಿಲ್ಲ. ಗರ್ಭದ ಸುಮಾರು ಅರ್ಧಭಾಗ ಕರಗಿಹೋಗಿತ್ತೆಂದು ಕೆಲವು ವರ್ಷಗಳ ಮೇಲೆ ಒಳಹೊಕ್ಕು ನೋಡಿದಾಗ ತಿಳಿಯಿತು.

ನಾನು ಸುಳ್ಳು ಅಂಕಿಯನ್ನು ನಂಬಿದೆ. ಅವರು ನಿಜವಾದ ಅಂಕಿಯನ್ನು ನಂಬಲಿಲ್ಲ. ಎರಡರ ಮೂಲವೂ ಒಂದೇ ಎಂದು ನನಗೆ ತೋರುತ್ತದೆ. ನಮ್ಮ ನಮ್ಮ ಮನಸ್ಸಿನಲ್ಲಿ ಮೊದಲೇ ಕೂತಿದ್ದ ತೀರ್ಮಾನಕ್ಕೆ ಒಪ್ಪುವ ಸಾಕ್ಷಿಯನ್ನು ಆರಿಸಿಕೊಂಡೆವು. ಒಪ್ಪದ ಸಾಕ್ಷಿಯನ್ನು ಹೊರಕ್ಕೆ ಕಳುಹಿಸಿದೆವು. ಜೂಲ್ ಮಾಡಿದ್ದು, ಕ್ಯಾಲೆಂಡರ್ ಮಾಡಿದ್ದು, ಸಕ್ಕರೆ ಕಾರ್ಖಾನೆಯ ಹಿರಿಯರು ಮಾಡಿದ್ದು ಬೇರೆ. ಅವರು ಸಾಕ್ಷಿಯನ್ನು ನಂಬಲೂ ಇಲ್ಲ, ಅವಮಾನಿಸಲೂ ಇಲ್ಲ. ಅದಕ್ಕೆ ಉತ್ತರ ಗೊತ್ತಿರುವ ಒಂದು ಪ್ರಶ್ನೆ ಕೇಳಿದರು.

ಓದುತ್ತಿರುವಾಗ ಇನ್ನೊಂದು ಸಂಗತಿ ಸಿಕ್ಕಿತು. ಕೋಣೆಗಳ ಶಾಖವನ್ನು ವಿದ್ಯುತ್ತಿನಿಂದ ಹತೋಟಿಯಲ್ಲಿಡುವ ವ್ಯಾಪಾರವನ್ನು ಅಮೆರಿಕದಲ್ಲಿ ಮೊದಲು ಮಾಡಿದವರಲ್ಲಿ ಒಬ್ಬ ವಾರೆನ್ ಜಾನ್ಸನ್. ವಿಸ್ಕಾನ್ಸಿನ್ನಿನ ಒಂದು ಶಿಕ್ಷಕರ ತರಬೇತಿ ಶಾಲೆಯ ಮೇಷ್ಟ್ರು. ಅಲ್ಲಿ ಚಳಿಗಾಲದಲ್ಲಿ ಒಲೆ ನೋಡುವ ಜವಾನ ಗಳಿಗೆಗೊಮ್ಮೆ 

ಪಾಠದ ನಡುವೆ ಒಳಬಂದು ಉಷ್ಣಮಾಪಕ ನೋಡಿಕೊಂಡು, ನೆಲಮಾಳಿಗೆಗೆ ಇಳಿದು ಗಾಳಿಕಿಂಡಿ ಸರಿಪಡಿಸಬೇಕಾಗಿತ್ತು. ೧೮೮೩ರಲ್ಲಿ ಜಾನ್ಸನ್ ಪೇಟೆಂಟ್ ಪಡೆದ ಉಪಕರಣ, ಕೋಣೆಯ ಬಿಸಿ ಹೆಚ್ಚುಕಡಿಮೆಯಾದರೆ ಕೆಳಗಿರುವ ಜವಾನನಿಗೆ ಗಂಟೆ ಬಾರಿಸಿ ತಿಳಿಸುತ್ತಿತ್ತು. ಪಾಠಕ್ಕೆ ಅಡ್ಡಿ ತಪ್ಪಿತು. ಜವಾನ ಕೋಣೆಗೆ ಬರುವುದೂ ತಪ್ಪಿತು. ಆತನ ಕೆಲಸ ಹಗುರವಾದದ್ದು ನಿಜ. ಆದರೆ ಬಿಸಿಯ ವಿಷಯದಲ್ಲಿ ಆತನನ್ನು ಏನೂ ಕೇಳಬೇಕಾಗಿಲ್ಲವೆಂಬ ಅಭ್ಯಾಸವೂ ನಮ್ಮಂಥ ಮೇಷ್ಟ್ರುಗಳಿಗೆ ಹತ್ತಿದ್ದು ಆ ಗಂಟೆಯಿಂದಲೇ ಇರಬಹುದೇನೋ.

ಮರುದಿನ ಹಂಡೆಯಣ್ಣನನ್ನು ಕರೆದು ನೋಟೀಸನ್ನು ಹಿಂದಕ್ಕೆ ಪಡೆದೆನೆಂದು ಹೇಳಿದೆ. ಕ್ಷಮೆ ಕೇಳುವ ಮಾತು ನಾಲಗೆಯ ತುದಿಗೆ ಬಂದು ತಡವರಿಸಿತು, ಹೇಗೋ ಹೇಳಿದೆ. ಆತ ಸ್ವಲ್ಪ ಹೊತ್ತು ನೆಲ ನೋಡಿ, “ನೀವು ಅವತ್ತೇ ಮೇಲಕ್ಕೆ ಬಂದು ಕೈ ಹಾಕಿದ್ದರೆ ಐಸು ತರೋ ಖರ್ಚು ತಪ್ಪುತ್ತಿತ್ತು ಸಾರ್,” ಎಂದ. ಅದರಲ್ಲಿ ಕೊಂಕಿತ್ತೋ ಸಮಾಧಾನವಿತ್ತೋ ನನಗೆ ಇಂದಿಗೂ ತಿಳಿಯದು.

ಕಚೇರಿಯ ನಿಯಮದಂತೆ ನೋಟೀಸಿನ ಪ್ರತಿಯನ್ನು ಕಡತದಿಂದ ಹರಿದುಹಾಕುವಂತಿಲ್ಲ. ಅದರ ಮೇಲೆ ಅಡ್ಡಲಾಗಿ, ‘ತಂತಿಯ ಗಂಟಿಗೆ ಕಿಲುಬು ಹಿಡಿದಿತ್ತು; ನೌಕರನದು ತಪ್ಪಿಲ್ಲ; ವಿಚಾರಿಸದೆ ಬರೆದದ್ದು ನನ್ನ ತಪ್ಪು’ ಎಂದು ಬರೆದು ಸಹಿ ಹಾಕಿ ದಿನಾಂಕ ನಮೂದಿಸಿದೆ. ಆತ ಈಗ ನಿವೃತ್ತನಾಗಿ ಊರಿನಲ್ಲಿದ್ದಾನೆ. ಹೋಗುವ ಮುನ್ನ ಹೊಸಬನಿಗೆ ಒಂದು ಅಭ್ಯಾಸ ಕಲಿಸಿ ಹೋದ. ತಿಂಗಳಿಗೊಮ್ಮೆ ತೊಟ್ಟಿಯಿಂದ ಒಂದು ಬಕೆಟ್ಟು ನೀರು ಹಿಡಿದು, ಗಾಜಿನ ಉಷ್ಣಮಾಪಕ ಇಟ್ಟು, ಅದರ ಅಂಕಿಯನ್ನೂ ಪೆಟ್ಟಿಗೆಯ ಅಂಕಿಯನ್ನೂ ಒಂದು ನೋಟುಪುಸ್ತಕದಲ್ಲಿ ಅಕ್ಕಪಕ್ಕ ಬರೆಯುವುದು. ಕೊನೆಯ ಅಂಕಣಕ್ಕೆ ಆತನೇ ಗೆರೆ ಎಳೆದು ‘ಕೈ’ ಎಂದು ಬರೆದಿದ್ದಾನೆ. ಅಲ್ಲಿ ‘ಸರಿ’ ಎಂದೋ ‘ಸಾಲದು’ ಎಂದೋ ಬರೆಯಬೇಕು. ಪುಟದ ಕೆಳಗೆ ನಾನು ಸಹಿ ಹಾಕುತ್ತೇನೆ. ಬಕೆಟ್ಟಿಗೆ ಕೈ ಹಾಕಿ ನೋಡಿದ ಮೇಲೆ.